ಅಬು ಹೈಸಮ್ ಆಗಹೊರಟವನು

ಶಹ್ಹಾತನಿಗೆ 'ಇಲ್ಲ' ಎನ್ನಲು ಬರುತ್ತಿರಲಿಲ್ಲ. ಅವನ ಮಗ ಹುಟ್ಟಿದ ಏಳನೇ ದಿನ ಝಗಾಝೀಗ್ ಊರಿನ ಕಂಚುಗಾರರ ಓಣಿಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಮಗು ಹುಟ್ಟಿದ ದಿನವೇ ಅವನ ತಾಯಿ, "ನಿಮ್ಮಪ್ಪನ ಹೆಸರೇ ಇಡಬೇಕು ಕಣೋ, ಅಬ್ದುಲ್ ಮೌಗೂದ್" ಎಂದಿದ್ದಳು. "ದೇವರು ಮನಸ್ಸು ಮಾಡಿದ್ರೆ ಆಗಲಿ ಅಮ್ಮ" ಎಂದ. ಎರಡನೇ ದಿನ ಅತ್ತೆ ದವ್ಲತ್ ಕಣ್ಣೊರೆಸಿಕೊಳ್ಳುತ್ತ, ತೀರಿಹೋದ ತನ್ನ ಗಂಡ ಬಯ್ಯೂಮಿಯೇ ಮತ್ತೆ ಹುಟ್ಟಿಬಂದಿದ್ದಾನೆ, ಕಿವಿ ನೋಡು ಎಂದಳು. ಶಹ್ಹಾತ ಕಿವಿ ನೋಡಿ, "ಆಗಲಿ ಅತ್ತೆ" ಎಂದ. ಮೂರನೇ ದಿನ ಮನೆಯೊಡೆಯ ಹಾಜಿ ಮಿತ್ವಲ್ಲಿ ಮೆಟ್ಟಿಲ ಮೇಲೆ ಅಡ್ಡಗಟ್ಟಿದರು. "ಲೋ ಶಹ್ಹಾತ, ನನಗೆ ಏಳೂ ಹೆಣ್ಣು. ನನ್ನ ಹೆಸರು ನನ್ನ ಜೊತೆಗೇ ಮಣ್ಣಾಗಬಾರದು. ನಿನ್ನ ಮಗನಿಗೆ ಮಿತ್ವಲ್ಲಿ ಅಂತಿಡು." ಮಿತ್ವಲ್ಲಿ ಎಂದರೆ ಹೊಣೆ ಹೊತ್ತವನು ಎಂದರ್ಥ. ಹಾಜಿಗಳು ಓಣಿಯ ಎಲ್ಲರ ಮನೆಯ ಹೊಣೆಯನ್ನೂ, ಯಾರೂ ಕೇಳದಿದ್ದರೂ, ಹೊತ್ತಿದ್ದರು. ಶಹ್ಹಾತ ತಲೆಯಾಡಿಸಿದ. ಅವನ ತಲೆ ಮೇಲಕ್ಕೂ ಕೆಳಕ್ಕೂ ಮಾತ್ರ ಆಡುತ್ತಿತ್ತು. ಅಡ್ಡಡ್ಡ ಆಡುವ ಕೀಲು ಅದರಲ್ಲಿ ಇರಲೇ ಇಲ್ಲ.

ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ ಹೆಸರು.

ಶಹ್ಹಾತ ಆರೋಗ್ಯ ಕಚೇರಿಯೊಂದರಲ್ಲಿ ಹುಟ್ಟಿದ ಮಕ್ಕಳ ಹೆಸರು ಬರೆಯುವ ಗುಮಾಸ್ತ. ಹದಿನೆಂಟು ವರ್ಷ ಊರವರ ಮಕ್ಕಳ ಹೆಸರನ್ನೆಲ್ಲ ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕಿಟಕಿಯ ಆಚೆ ನಿಂತ ಅಪ್ಪಂದಿರಿಗೆ ಹೆಸರಿನ ಅರ್ಥವನ್ನೂ ಹೇಳುತ್ತಿದ್ದ. "ಸಾಬಿರ್ ಅಂದ್ರೆ ತಾಳ್ಮೆಯವನು. ನೀನು ರೈಲ್ವೆಯಲ್ಲಿದ್ದೀಯಲ್ಲ, ಒಪ್ಪುತ್ತೆ." ಕೊನೆಗೆ ಒಂದು ಎಚ್ಚರಿಕೆ: "ಚೆನ್ನಾಗಿ ಯೋಚನೆ ಮಾಡಿದ್ದೀಯಾ? ಶಾಯಿ ಒಣಗಿದ ಮೇಲೆ ನನ್ನ ಹತ್ತಿರ ಅಳಬೇಡ. ಆಮೇಲೆ ಕೋರ್ಟೇ ಗತಿ." ಹೀಗೆ ಬರೆಯುತ್ತ ಬರೆಯುತ್ತ ಒಂದು ಹೆಸರನ್ನು ಮಾತ್ರ ತನಗಾಗಿ ಎತ್ತಿಟ್ಟಿದ್ದ: ಹೈಸಮ್. ಹದ್ದಿನ ಮರಿ ಎಂದರ್ಥ.

ಅದು ಮಗನಿಗಿಂತ ಹೆಚ್ಚಾಗಿ ಅವನಿಗೇ ಬೇಕಾಗಿತ್ತು. ಶಹ್ಹಾತನಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲ. ನಾಲ್ಕನೆಯವನಾಗಿ ಇವನು ಬಂದಾಗ ತಾಯಿ ಏಳು ಮನೆ ಬಾಗಿಲಲ್ಲಿ ಚಿಂದಿ ಬೇಡಿ, ಅದರಲ್ಲೇ ಅಂಗಿ ಹೊಲಿದು ತೊಡಿಸಿ, 'ಶಹ್ಹಾತ' ಎಂದು ಕರೆದಳು. ತಿರುಕ ಎಂದು. ತಿರುಕನ ಕೂಸಿನ ಮೇಲೆ ಯಾರ ದೃಷ್ಟಿ ತಾನೇ ಬೀಳುತ್ತದೆ? ಕೆಟ್ಟ ಕಣ್ಣು ಮೋಸಹೋಯಿತು. ಓಣಿ ಮಾತ್ರ ಮೋಸಹೋಗಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಹಿಂದಿನ ಬೆಂಚಿನಿಂದ, "ದೇವರು ಕೊಡ್ತಾನೆ, ಮುಂದೆ ಹೋಗಪ್ಪಾ" ಎಂದು ಉತ್ತರ ಬರುತ್ತಿತ್ತು. ಸೈನ್ಯದಲ್ಲೂ ಅದೇ, ಕಚೇರಿಯಲ್ಲೂ ಅದೇ. ಹೆಣ್ಣು ಕೇಳಲು ಹೋದಾಗ ಬಾಗಿಲು ತೆರೆದ ದವ್ಲತ್ ಹೆಸರು ಕೇಳಿ, ಒಳಗಿನಿಂದ ಒಂದು ರೊಟ್ಟಿ ತಂದು ಕೈಗಿಟ್ಟಿದ್ದಳು.

ಇದರಿಂದ ಪಾರಾಗುವ ದಾರಿ ಒಂದೇ. ಚೊಚ್ಚಲ ಗಂಡು ಹುಟ್ಟಿದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಗಂಡಸನ್ನು ಅವನ ಹೆಸರಿನಿಂದ ಕರೆಯುವುದಿಲ್ಲ. ಮಗನ ಹೆಸರಿನ ಹಿಂದೆ 'ಅಬು' ಸೇರಿಸಿ, ಇಂಥವನ ಅಪ್ಪ ಎನ್ನುತ್ತಾರೆ, ತಾಯಿಯಾದರೆ 'ಉಮ್ಮ್'. ಮದುವೆಯಾಗಿ ಆರು ವರ್ಷ ಶಹ್ಹಾತ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತ, "ಬನ್ನಿ ಅಬು ಹೈಸಮ್, ಕೂತ್ಕೊಳ್ಳಿ ಅಬು ಹೈಸಮ್" ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹದ್ದಿನ ಮರಿಯ ಅಪ್ಪ!

ಏಳನೇ ದಿನದ ಬೆಳಿಗ್ಗೆ, ಸಂಜೆಯ ಸಂಭ್ರಮಕ್ಕೆ ಮನೆ ಸಿಂಗರಿಸುತ್ತಿರುವಾಗ, ಮೂರು ಮಾತುಗಳೂ ಅಂಗಳದಲ್ಲಿ ಎದುರುಬದುರಾದವು.

"ನನ್ನ ಮೊಮ್ಮಗ ಅಬ್ದುಲ್ ಮೌಗೂದನಿಗೆ ತಂದ ಟೋಪಿ ಇದು" ಎಂದಳು ತಾಯಿ.

"ಯಾರು ಆ ಅಬ್ದುಲ್ ಮೌಗೂದ್? ಕೂಸಿನ ಹೆಸರು ಬಯ್ಯೂಮಿ" ಎಂದಳು ಅತ್ತೆ. "ಅಳಿಯಂದಿರೇ ಒಪ್ಪಿದ್ದಾರೆ."

"ಇಬ್ಬರೂ ಸುಮ್ಮನಿರಿ" ಎಂದರು ಹಾಜಿಗಳು ಮೆಟ್ಟಿಲಿಳಿಯುತ್ತ. "ಮಿತ್ವಲ್ಲಿ ಅಂತ ಕೆತ್ತಿಸಿದ ಬೆಳ್ಳಿ ಲೋಟ ಆಗಲೇ ಬಂದಾಯ್ತು."

ಮೂವರೂ ಶಹ್ಹಾತನ ಕಡೆ ತಿರುಗಿದರು. ಅವನು ಏಣಿಯ ಮೇಲೆ ನಿಂತು ಬಣ್ಣದ ಕಾಗದ ಕಟ್ಟುತ್ತಿದ್ದ. ಇಳಿದರೆ ಉಳಿಗಾಲವಿಲ್ಲ ಎಂದು ತಿಳಿದು ಇನ್ನೊಂದು ಮೆಟ್ಟಿಲು ಮೇಲೇರಿದ.

"ಇಳಿಯೋ ಕೆಳಗೆ! ಮಾತು ಕೊಟ್ಟಿದ್ದು ನಿಜ ತಾನೆ?" ಎಂದರು ಹಾಜಿಗಳು.

"ನಿಜ."

"ಯಾರಿಗೆ?"

"ಎಲ್ಲರಿಗೂ" ಎಂದ ಶಹ್ಹಾತ ಮೇಲಿನಿಂದಲೇ. ಆಮೇಲೆ, ಹೇಗಿದ್ದರೂ ಬೀಳುವುದು ಗೊತ್ತಾದ ಮೇಲೆ ಬರುವ ಒಂದು ಧೈರ್ಯದಲ್ಲಿ, "ನನಗೂ ಒಂದು ಹೆಸರು ಇಷ್ಟ ಇದೆ. ಹೈಸಮ್" ಎಂದುಬಿಟ್ಟ.

ಅಂಗಳದಲ್ಲಿ ಮೂರು ಜನ ಒಟ್ಟಿಗೇ ಬೈದದ್ದು ನಾಲ್ಕನೇ ಮಹಡಿಯವರೆಗೆ ಕೇಳಿಸಿತು.

ಜಗಳ ಬಿಡಿಸಿದವಳು ಸೂಲಗಿತ್ತಿ ಉಮ್ಮ್ ಝಕಿ. ಅರ್ಧ ಓಣಿಯನ್ನು ಅವಳೇ ಹೊರಗೆಳೆದಿದ್ದರಿಂದ ಅವಳೆದುರು ಹಾಜಿಗಳೂ ದನಿ ತಗ್ಗಿಸುತ್ತಿದ್ದರು. "ಯಾಕ್ರಪ್ಪಾ ಅರಚ್ತೀರಿ? ಹಿರಿಯರು ಮಾಡಿದ ದಾರಿ ಇದೆಯಲ್ಲ. ಒಂದೊಂದು ಹೆಸರಿಗೆ ಒಂದೊಂದು ಮೇಣದಬತ್ತಿ ಹಚ್ಚೋಣ. ಯಾವುದು ಕೊನೇವರೆಗೂ ಉರಿಯುತ್ತೋ ಅದೇ ಕೂಸಿನ ಹೆಸರು. ಆರಿದ್ದನ್ನ ಮತ್ತೆ ಹಚ್ಚೋ ಹಾಗಿಲ್ಲ. ಒಪ್ಪಿಗೇನಾ?"

ಎಲ್ಲರೂ ಒಪ್ಪಿದರು. ಪ್ರತಿಯೊಬ್ಬರ ಮುಖದಲ್ಲೂ ದೇವರ ಮೇಲೆ ಭಾರ ಹಾಕಿದ ಶಾಂತಿಯಿತ್ತು. ಮನಸ್ಸಿನಲ್ಲಿ ಮಾತ್ರ ದೇವರಿಗೆ ಸ್ವಲ್ಪ ಸಹಾಯ ಮಾಡುವ ಯೋಚನೆಯಿತ್ತು.

"ಆದ್ರೆ ನಾಲ್ಕು ಬತ್ತಿ ಆಗಲ್ಲ" ಎಂದಳು ಉಮ್ಮ್ ಝಕಿ. "ಬೆಸ ಸಂಖ್ಯೆ ಬೇಕು. ಇನ್ನೊಂದು ಹೆಸರು ಹೇಳಿ."

ಎದುರಾಳಿಯನ್ನು ತಾವೇ ಹುಟ್ಟಿಸುವವರು ಯಾರು? ಆಗ ಒಳಗಿನ ಮಂಚದಿಂದ ಬಾಣಂತಿಯ ದನಿ ಕೇಳಿಸಿತು. ಇನಾಯತ್, ಶಹ್ಹಾತನ ಹೆಂಡತಿ. "ಲೆಕ್ಕಕ್ಕೆ ತಾನೆ? ಇವರದ್ದೇ ಹಾಕಿ. ಶಹ್ಹಾತ."

ಅಂಗಳದ ತುಂಬ ನಗು. "ಹಾಕಿ, ಹಾಕಿ! ತಿರುಕನ ಬತ್ತಿಗೆ ಎಣ್ಣೆ ಹೊಯ್ಯೋರು ಯಾರು!" ಎಂದು ಹಾಜಿಗಳು ಹೊಟ್ಟೆ ಹಿಡಿದುಕೊಂಡರು. ಶಹ್ಹಾತನೂ ನಕ್ಕ. ಒಬ್ಬ ಎದುರಾಳಿ ಕಡಿಮೆಯಾದನಲ್ಲ ಎಂದು ಅವನಿಗೆ ಸಮಾಧಾನ.

ಮೇಣದಬತ್ತಿ ತರುವ ಕೆಲಸ ಅವನದೇ. ಗಿರ್ಗಿಸ್ ಚಿಕ್ಕಪ್ಪನ ಅಂಗಡಿಗೆ ಓಡಿದ. ಮುದುಕ ಗಿರ್ಗಿಸ್ ಐವತ್ತು ವರ್ಷದಿಂದ ಮದುವೆಗೂ, ಚರ್ಚಿಗೂ, ಕರೆಂಟು ಹೋದ ಮನೆಗೂ ಬತ್ತಿ ಮಾರಿದವನು.

"ಐದು ಬತ್ತಿ ಬೇಕು ಚಿಕ್ಕಪ್ಪಾ. ನಾಲ್ಕು ಸಾಧಾರಣದ್ದು. ಒಂದು..." ಶಹ್ಹಾತ ಆಚೀಚೆ ನೋಡಿ ದನಿ ಇಳಿಸಿದ, "...ಒಂದು ಸ್ವಲ್ಪ ನಿಧಾನಸ್ಥ ಇರಲಿ."

ಗಿರ್ಗಿಸ್ ಕನ್ನಡಕದ ಮೇಲಿಂದ ನೋಡಿದ. "ಗಂಡಾ?"

"ಗಂಡು."

"ನಿನ್ನ ಅಪ್ಪನೂ ನಿನ್ನ ಕಾಲಕ್ಕೆ ಇದೇ ಬತ್ತಿ ಕೇಳೋಕೆ ಬಂದಿದ್ದ. ನಿಮ್ಮಮ್ಮ ಅಷ್ಟೊತ್ತಿಗೆ ಚಿಂದಿ ಬೇಡಿ ಹೆಸರಿಟ್ಟೇ ಬಿಟ್ಟಿದ್ಳು." ಒಳಗೆ ಹೋಗಿ ಒಂದು ಬತ್ತಿ ತಂದ. "ಇದು ಮಠದವರಿಗೆ ಮಾಡೋದು. ನೋಡೋಕೆ ಒಂದೇ ಥರ. ಸಾಧಾರಣದ್ದು ಎರಡು ಆರೋ ಹೊತ್ತಿಗೆ ಇದು ಅರ್ಧಕ್ಕೆ ಬಂದಿರುತ್ತೆ. ಗುರುತಿಗೆ ಬುಡದ ಹತ್ತಿರ ಸೂಜಿ ಚುಚ್ಚಿಡ್ತೀನಿ. ಹೆಸರೇನು?"

"ಹೈಸಮ್. ಹದ್ದಿನ ಮರಿ."

"ನಿಮ್ಮ ಮನೆತನದಲ್ಲಿ ಯಾರೂ ಎರಡನೇ ಮಹಡಿಗಿಂತ ಮೇಲೆ ಹತ್ತಿದ್ದು ನಾನು ಕಾಣೆ. ಇರಲಿ, ಹಾರಲಿ ಬಿಡು."

ಬೀಗುತ್ತ ಮನೆಗೆ ಬಂದವನ ಕೈಯಿಂದ ಉಮ್ಮ್ ಝಕಿ ಬತ್ತಿಗಳನ್ನು ಕಸಿದುಕೊಂಡಳು. "ಗಂಡಸರ ಕೈ ಇದಕ್ಕೆ ತಾಗಬಾರದು." ತಾಯಿಯ ಹೆಸರಿಗೆ ಹಸಿರು ರಿಬ್ಬನ್, ಅತ್ತೆಯದಕ್ಕೆ ಕೆಂಪು, ಹಾಜಿಗಳದಕ್ಕೆ ಹಳದಿ, ಹೈಸಮ್‌ಗೆ ನೀಲಿ ಕಟ್ಟಿದಳು. ಐದನೆಯದಕ್ಕೆ ರಿಬ್ಬನ್ ಸಾಲದೆ ಹಳೆ ದಿಂಬಿನ ಚೀಲದಿಂದ ಒಂದು ಬಿಳಿ ಚಿಂದಿ ಹರಿದು ಸುತ್ತಿದಳು. ಎಲ್ಲವನ್ನೂ ತಟ್ಟೆಯಲ್ಲಿಟ್ಟು, "ಇವು ಸಾಯಂಕಾಲದವರೆಗೆ ತಾಯಿ ತಲೆದೆಸೆಯಲ್ಲೇ ಮಲಗಿರಬೇಕು" ಎಂದು ಇನಾಯತಳ ಮಂಚದ ಪಕ್ಕ ಇಟ್ಟಳು.

ಶಹ್ಹಾತ ಇಣುಕಿ ನೋಡಿದ. ಸೂಜಿ ಚುಚ್ಚಿದ ಬತ್ತಿಗೆ ಹಳದಿ ರಿಬ್ಬನ್ ಬಿದ್ದಿತ್ತು! ಹೀಗೇ ಬಿಟ್ಟರೆ ಅವನು ಸಾಯುವವರೆಗೂ ಮನೆಯೊಡೆಯನ ಹೆಸರು ಹೊತ್ತು, ಅಬು ಮಿತ್ವಲ್ಲಿಯಾಗಿ ಬದುಕಬೇಕು.

ರಿಬ್ಬನ್ ಬದಲಿಸಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಸಿಗುವುದೇ ಕಷ್ಟವಾಯಿತು. ಮೊದಲ ಸಲ ಹೋದಾಗ ತಾಯಿ ಒಳಗಿದ್ದಳು. ಇವನನ್ನು ಕಂಡು ಕತ್ತರಿಯನ್ನು ಬೆನ್ನ ಹಿಂದೆ ಸರಿಸಿ, "ಕೂಸಿನ ಉಗುರು ನೋಡ್ತಿದ್ದೆ" ಎಂದಳು. ಎರಡನೇ ಸಲ ಅತ್ತೆ ಇದ್ದಳು. ಕೈಯಲ್ಲಿ ನೀರಿನ ಲೋಟ, ಬೆರಳ ತುದಿ ಒದ್ದೆ. "ಬಾಯಾರಿಕೆ ಅಳಿಯಂದಿರೇ" ಎಂದಳು, ಕುಡಿಯಲಿಲ್ಲ. ಮೂರನೇ ಸಲ ಹಾಜಿ ಮಿತ್ವಲ್ಲಿ ಕುರ್ಚಿ ಎಳೆದುಕೊಂಡು ಕೂತು ಕೂಸಿಗೆ ಹರಸುತ್ತಿದ್ದರು. ಹರಕೆ ಮುಗಿಯುವ ಲಕ್ಷಣವೇ ಇರಲಿಲ್ಲ. ಶಹ್ಹಾತ ಬಾಗಿಲಲ್ಲಿ ನಿಂತು ಕೆಮ್ಮಿದ. ಹಾಜಿಗಳು ಇನ್ನೊಂದು ಸುತ್ತು ಹರಸಿದರು. ಕೊನೆಗೆ ಶಹ್ಹಾತ, "ಹಾಜಿಯವರೇ, ನಿಮ್ಮ ಕತ್ತೆಗಾಡಿಗೆ ಯಾರೋ ಗಾಡಿ ತಾಗಿಸಿದ್ರಂತೆ" ಎಂದ. ಬದುಕಿನಲ್ಲಿ ಅವನು ಆಡಿದ ಮೊದಲ ಸುಳ್ಳು ಅದು. ಹಾಜಿಗಳು ಜುಬ್ಬ ಎತ್ತಿಕೊಂಡು ಓಡಿದರು.

ಕೋಣೆಯಲ್ಲಿ ಈಗ ಇನಾಯತ್ ಮತ್ತು ಕೂಸು ಮಾತ್ರ. ಇಬ್ಬರ ಕಣ್ಣೂ ಮುಚ್ಚಿದ್ದವು. ಶಹ್ಹಾತ ಬಾಗಿಲ ಕಡೆ ನೋಡಿಕೊಳ್ಳುತ್ತ ಹಳದಿ ಬಿಚ್ಚಿ ನೀಲಿ ಕಟ್ಟಿದ, ನೀಲಿ ಬಿಚ್ಚಿದಲ್ಲಿ ಹಳದಿ ಕಟ್ಟಿದ. ಬುಡದ ಸೂಜಿ ತೂತನ್ನು ಮುಟ್ಟಿ ನೋಡಿದ. ಮಗನ ಕಿವಿಯ ಹತ್ತಿರ ಬಗ್ಗಿ, "ಹೈಸಮ್" ಎಂದು ಮೆಲ್ಲಗೆ ಕರೆದ. ಕೂಸು ಆಕಳಿಸಿತು. ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಗೆ ಬಂದ.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಗಿಜಿಗುಡುತ್ತಿತ್ತು. ತುಪ್ಪ, ಬಾದಾಮಿ ತೇಲುವ ಬಿಸಿ ಮುಗಾತ್ ಲೋಟಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಕಚೇರಿಯ ಮೇಲಧಿಕಾರಿ ರಮ್ಝಿ ಸಾಹೇಬರೂ ಬಂದರು. ಅವರ ಕಂಕುಳಲ್ಲಿ ಬಟ್ಟೆ ಸುತ್ತಿದ ದೊಡ್ಡದೊಂದು ಕಟ್ಟು. "ಉಡುಗೊರೆ" ಎಂದು ಕಣ್ಣು ಮಿಟುಕಿಸಿದರು.

ಕೂಸನ್ನು ಜರಡಿಯಲ್ಲಿ ಮಲಗಿಸಿದರು. ಇನಾಯತ್ ಅದನ್ನು ಏಳು ಸಲ ದಾಟಿದಳು. ಮೂಲೆಮೂಲೆಗೆ ಉಪ್ಪು ಎರಚಿ, ಧೂಪ ಹಾಕಿದರು. ಉಮ್ಮ್ ಝಕಿ ಕೂಸಿನ ಕಿವಿಯ ಹತ್ತಿರ ಹಿತ್ತಾಳೆ ಒರಳನ್ನು ಠಣ್ ಠಣ್ ಎಂದು ಕುಟ್ಟುತ್ತ, ಎಲ್ಲ ಮಕ್ಕಳಿಗೂ ಹೇಳುವುದನ್ನೇ ಹೇಳಿದಳು: "ನಿಮ್ಮಮ್ಮನ ಮಾತು ಕೇಳು, ನಿಮ್ಮಪ್ಪನ ಮಾತು ಕೇಳಬೇಡ!" ಎಲ್ಲರೂ ನಕ್ಕರು. ಇನಾಯತಳ ತುಟಿಯಂಚು ಮಾತ್ರ ಒಂದಿಷ್ಟು ಹೆಚ್ಚೇ ಮೇಲೆದ್ದಿತ್ತು. ಶಹ್ಹಾತ ಅದನ್ನು ಗಮನಿಸಲಿಲ್ಲ.

ಹೂ ಮುಡಿಸಿದ ಮಣ್ಣಿನ ಹೂಜಿಯ ಸುತ್ತ ಐದೂ ಬತ್ತಿಗಳನ್ನು ನಿಲ್ಲಿಸಿ ಹಚ್ಚಿದರು.

ಮೊದಲು ಹೋದದ್ದು ಹಸಿರು. ಚಟಪಟ ಸಿಡಿದು, ಬೆಕ್ಕಿನ ಹಾಗೆ ಬುಸುಗುಟ್ಟಿ ಆರಿಹೋಯಿತು.

"ಬತ್ತಿ ಒದ್ದೆಯಾಗಿದೆ!" ಎಂದು ತಾಯಿ ಚೀರಿದಳು. "ಯಾರೋ ನೀರು ಮುಟ್ಟಿಸಿದ್ದಾರೆ!"

"ಪಾಪ, ತೀರಿಕೊಂಡವರು ಅತ್ತಿರಬೇಕು" ಎಂದಳು ಬೀಗಿತ್ತಿ. ಅಷ್ಟರಲ್ಲಿ ಅವಳ ಕೆಂಪು ಬತ್ತಿಯ ಜ್ವಾಲೆ ಸಾಸಿವೆಯಷ್ಟಾಗಿ, ಮೇಣದಲ್ಲಿ ಮುಳುಗಿ ಸತ್ತಿತು. ದಾರವನ್ನು ಬುಡಮಟ್ಟ ಕತ್ತರಿಸಲಾಗಿತ್ತು. "ಕತ್ತರಿ ಹಾಕಿದ್ದಾರೆ! ನನ್ನ ಬಯ್ಯೂಮಿಗೆ ಕತ್ತರಿ!"

"ಕೂಸಿನ ಉಗುರಿಗೆ ತಂದಿದ್ದ ಕತ್ತರಿ, ಜಾರಿರಬೇಕು" ಎಂದು ತಾಯಿ ಮುಗಾತ್ ಹೀರಿದಳು.

ಹಾಜಿಗಳು ತಮ್ಮ ಹಳದಿ ಬತ್ತಿಗೆ ಗಾಳಿ ತಾಗದಂತೆ ಎರಡೂ ಕೈ ಅಡ್ಡ ಹಿಡಿದು, ಮುಖ ಹತ್ತಿರ ತಂದು ಕಾವಲು ಕೂತಿದ್ದರು. ಧೂಪದ ಹೊಗೆ ಮೂಗಿಗೇರಿತು. ತಡೆದರು, ಕೆಂಪಾದರು, ಕಣ್ಣುಗುಡ್ಡೆ ಹೊರಗೆ ಬಂದವು. ಕೊನೆಗೆ ಬಂದ ಸೀನಿಗೆ ಹಳದಿ ಬತ್ತಿ ಆರಿದ್ದು ಮಾತ್ರವಲ್ಲ, ಎದುರಿಗಿದ್ದ ರಮ್ಝಿ ಸಾಹೇಬರ ಟೋಪಿಯೂ ಓರೆಯಾಯಿತು.

"ಆರಿದ್ದು ಆರಿತು!" ಎಂದಳು ಉಮ್ಮ್ ಝಕಿ.

ಉಳಿದದ್ದು ನೀಲಿ ಮತ್ತು ಬಿಳಿ ಚಿಂದಿ. ಶಹ್ಹಾತ ಗೋಡೆಗೊರಗಿ, ಕಾಲ ಮೇಲೆ ಕಾಲು ಹಾಕಿದ. ಅವನು ಕಾಲ ಮೇಲೆ ಕಾಲು ಹಾಕಿದ್ದನ್ನು ಓಣಿ ಅದೇ ಮೊದಲು ಕಂಡದ್ದು. 'ಬನ್ನಿ ಅಬು ಹೈಸಮ್' ಎಂದು ಒಳಗೊಳಗೇ ಅಂದುಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಕಾಲು ಕೆಳಗಿಳಿಯಿತು. ನೀಲಿ ಬತ್ತಿ ಸರಸರನೆ ಕರಗುತ್ತಿತ್ತು. ಬಿಳಿ ಚಿಂದಿಯದು, ನಿವೃತ್ತರಾದ ಗುಮಾಸ್ತರ ಹಾಗೆ, ಯಾವ ಅವಸರವೂ ಇಲ್ಲದೆ ಉರಿಯುತ್ತಿತ್ತು. ಶಹ್ಹಾತ ಹೂಜಿ ಸರಿಪಡಿಸುವ ನೆಪದಲ್ಲಿ ಹತ್ತಿರ ಬಗ್ಗಿದ. ನೀಲಿಯ ಬುಡ ನುಣುಪಾಗಿತ್ತು. ಸೂಜಿಯ ತೂತು ಬಿಳಿ ಚಿಂದಿಯ ಕೆಳಗಿನಿಂದ ಅವನನ್ನೇ ನೋಡುತ್ತಿತ್ತು.

ನೀಲಿ ಒಮ್ಮೆ ಎತ್ತರಕ್ಕೆ ನೆಗೆದು, ಹೊಗೆಯ ಎಳೆಯಾಗಿ ಹೋಯಿತು. ಹದ್ದಿನ ಮರಿ ಹಾರಿಹೋಯಿತು.

ಆಮೇಲೆ ಉಮ್ಮ್ ಝಕಿ ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕಿದಳು. "ಶಹ್ಹಾತ! ಕೂಸಿನ ಹೆಸರು ಶಹ್ಹಾತ!"

ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನದು ಬರಲಿಲ್ಲ, ಆದರೆ ಅವಳದೂ ಬರಲಿಲ್ಲ. ಇಬ್ಬರಿಗೂ ಹಿಡಿಸಿತು, ಇಬ್ಬರೂ ಸೇರಿ ಮಂಗಳದ ಕೂಗು ಹಾಕಿದರು.

ಶಹ್ಹಾತ ಎದೆಗುಂದಲಿಲ್ಲ. ಬತ್ತಿ ಏನಾದರೂ ಹೇಳಲಿ, ನಾಳೆ ಕಚೇರಿಯಲ್ಲಿ ಪೆನ್ನು ಹಿಡಿಯುವವನು ತಾನೇ. ಹೈಸಮ್ ಎಂದು ಬರೆದು ಶಾಯಿ ಒಣಗಿಸಿಬಿಟ್ಟರೆ ಕೇಳುವವರು ಯಾರು? ಆ ಯೋಚನೆಯಲ್ಲಿ ಅವನ ಮುಖ ಅರಳುತ್ತಿರುವಾಗಲೇ ರಮ್ಝಿ ಸಾಹೇಬರು ಕಟ್ಟು ಬಿಚ್ಚಿದರು. ಒಳಗಿದ್ದದ್ದು ಹುಟ್ಟಿನ ದಾಖಲೆ ಪುಸ್ತಕ.

"ಹದಿನೆಂಟು ವರ್ಷ ಊರಿಗೆಲ್ಲ ಬರೆದವನು ತನ್ನ ಮಗನಿಗಾಗಿ ಸಾಲಲ್ಲಿ ನಿಲ್ಲಬೇಕಾ? ಸ್ವಂತ ಮಗನ ಹೆಸರು ನೀನೇ ಬರೆಯೋ ಹಾಗೂ ಇಲ್ಲ, ನಿಯಮ. ಅದಕ್ಕೇ ನಾನೇ ತಂದೆ. ಇದೇ ನನ್ನ ಉಡುಗೊರೆ." ಹೇಳುತ್ತಲೇ ಬರೆಯತೊಡಗಿದರು. "ಶಹ್ಹಾತ... ಶಹ್ಹಾತ... ಅಬ್ದುಲ್ ಮೌಗೂದ್. ಮಗ, ಅಪ್ಪ, ತಾತ. ನೋಡಿ ಉಮ್ಮ್ ಶಹ್ಹಾತ, ನಿಮ್ಮ ಯಜಮಾನರೂ ಬಂದ್ರು ಸಾಲಲ್ಲಿ" ಎಂದು ಶಹ್ಹಾತನ ತಾಯಿಗೆ ಹೇಳಿ, ಪುಸ್ತಕದ ಮೇಲೆ ಉಫ್ ಎಂದು ಊದಿದರು. ಶಾಯಿ ಒಣಗಿತು.

ಶಹ್ಹಾತ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತ. ಇನಾಯತ್ ಕೂಸಿಗೆ ಹಾಲೂಡುತ್ತಿದ್ದಳು.

"ನಿದ್ದೆ ಮಾಡಿರಲಿಲ್ವಾ ನೀನು?"

"ಹೇಗೆ ಮಾಡ್ಲಿ? ನಿಮ್ಮಮ್ಮ ಕತ್ತರಿ ತಂದ್ರು. ನಮ್ಮಮ್ಮ ನೀರು ತಂದ್ಳು. ಹಾಜಿಯವರು ತಮ್ಮ ಬತ್ತಿಗೆ ಮುತ್ತಿಟ್ರು. ಕೊನೆಗೆ ನೀವು ಬಂದ್ರಿ, ಕೋಳಿ ಕದಿಯೋನ ಹಾಗೆ ಬಾಗಿಲ ಕಡೆ ನೋಡ್ತಾ. ನೀವು ಆ ತೂತು ಮುಟ್ಟಿ ನೋಡಿದ್ದು ಕಂಡೆ, ನೀವು ಹೋದ ಮೇಲೆ ನೀಲಿ ಬಿಚ್ಚಿ ಅದಕ್ಕೆ ಚಿಂದಿ ಸುತ್ತಿದೆ." ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ಬೆಳಿಗ್ಗೆಯೆಲ್ಲ ಅಂಗಳದಲ್ಲಿ ಕಿತ್ತಾಡಿದ್ರಿ. ಏಳು ದಿನದಲ್ಲಿ ಒಬ್ಬರಾದ್ರೂ ಬಂದು 'ಹೆತ್ತವಳೇ, ನಿನಗ್ಯಾವ ಹೆಸರು ಇಷ್ಟ' ಅಂತ ಕೇಳಿದ್ರಾ?"

ಇನಾಯತ್ ಎಂದರೆ ಕಾಳಜಿ, ನಿಗಾ. ಊರಿನ ಹೆಸರುಗಳಿಗೆಲ್ಲ ಅರ್ಥ ಹೇಳಿದವನಿಗೆ ಮನೆಯ ಈ ಹೆಸರಿನ ಅರ್ಥ ಈಗಷ್ಟೇ ನೆನಪಾಯಿತು.

"ಆದ್ರೂ, ಇಷ್ಟೊಂದು ಹೆಸರಿದ್ದಾಗ ಇದೇ ಯಾಕೆ ಇನಾಯತ್? ನಾನು ಪಟ್ಟ ಪಾಡು ನಿನಗೆ ಗೊತ್ತು."

"ಮೂರು ಕೂಸು ಹೋದ ಮನೆಯಲ್ಲಿ ನಿಮ್ಮನ್ನ ಉಳಿಸಿದ ಹೆಸರು ಅದು. ಆರು ವರ್ಷದಿಂದ ನಾನು ಆ ಹೆಸರು ಹಿಡಿದು ಕೂಗ್ತಿದ್ದೀನಿ, ಒಂದು ಸಲವೂ ಬರದೆ ಇರಲಿಲ್ಲ ನೀವು. ಹೈಸಮ್ ಅನ್ನೋ ಯಾರನ್ನೂ ನಾನು ಕಂಡಿಲ್ಲ. ಕಾಣದವನ ಹೆಸರು ಕೂಸಿಗೆ ಹೇಗಿಡ್ಲಿ?"

'ಇಲ್ಲ' ಎನ್ನಲು ಅವನಿಗೆ ಮೊದಲೇ ಬಾರದು. ತಲೆ ತನ್ನ ಪಾಡಿಗೆ ತಾನು ಮೇಲಕ್ಕೂ ಕೆಳಕ್ಕೂ ಆಡಿತು. ಕೂಸನ್ನು ಎತ್ತಿಕೊಂಡ. ಅದು ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಬಿಡಲಿಲ್ಲ.

ಅಷ್ಟರಲ್ಲಿ ಬೀದಿಯಿಂದ ಹಾಜಿ ಮಿತ್ವಲ್ಲಿಯವರ ದನಿ, ಇಡೀ ಓಣಿಯ ಹೊಣೆ ಹೊತ್ತ ದನಿ, ಕಿಟಕಿಗೆ ಅಪ್ಪಳಿಸಿತು.

"ಅಬು ಶಹ್ಹಾತ! ಲೋ ಅಬು ಶಹ್ಹಾತ! ನನ್ನ ಕತ್ತೆಗಾಡಿ ಈಗಷ್ಟೇ ವಾಪಸ್ ಬಂತು, ಅದಕ್ಕೆ ಯಾರೂ ಏನೂ ತಾಗಿಸಿಲ್ವಲ್ಲೋ! ಇಳಿದು ಬಾ ಕೆಳಗೆ!"

ಹದಿನೆಂಟು ವರ್ಷ ಹೆಸರು ಬರೆದವನು ಮಗನ ಮುಖವನ್ನೊಮ್ಮೆ ನೋಡಿದ. ಆಮೇಲೆ ಕಿಟಕಿಯತ್ತ ತಿರುಗಿ, "ಬಂದ್ವಿ ಹಾಜಿಯವರೇ" ಎಂದ.

ಕೆಳಗಿನಿಂದ ಓಣಿಗೆ ಓಣಿಯೇ ಒಕ್ಕೊರಲಿನಿಂದ ಉತ್ತರಿಸಿತು: "ದೇವರು ಇಬ್ಬರಿಗೂ ಕೊಡ್ತಾನೆ, ಮುಂದೆ ಹೋಗ್ರಪ್ಪಾ!"